ಡೆಲಿವರಿ ಅಂದ್ರೆ ನಮಗೊಂದು, ಅವಳಿಗೊಂದು

ನಾವು ಸಾಫ್ಟ್‌ವೇರ್ ಮಂದಿ ದಿನಕ್ಕೆ ಹತ್ತು ಸಲ ‘ಡೆಲಿವರಿ’ ಅಂತೀವಿ. ಡೇಟ್ ತಪ್ಪಿದರೆ ಮ್ಯಾನೇಜರ್ ಮುಖ ನೋಡಕ್ಕಾಗಲ್ಲ. ಇಂಗ್ಲೆಂಡಿನಲ್ಲಿ ಮಿಡ್‌ವೈಫ್ ಆಗಿರುವ ನನ್ನ ಸೋದರಮಾವನ ಮಗಳಿಗೆ ಈ ಮಾತು ಕೇಳಿದರೆ ನಗು. ‘ನಮ್ಮಲ್ಲೂ ಡೇಟ್ ಬರೆದಿಡ್ತೀವಿ ಕಣೋ, ಪಾಲಿಸೋದು ಮಗುವಿಗೆ ಬಿಟ್ಟಿದ್ದು’ ಅಂತಾಳೆ.

ನಾವಿಬ್ಬರೂ ಭದ್ರಾವತಿ ಓಲ್ಡ್ ಟೌನಿನವರು. ಪಾಳಿ ಕೆಲಸ ನಮ್ಮೂರಿಗೆ ಹೊಸದಲ್ಲ. ವಿಐಎಸ್‌ಎಲ್, ಎಂಪಿಎಂ ಜೋರಾಗಿದ್ದ ಕಾಲದಲ್ಲಿ ಎಷ್ಟೋ ಮನೆಗಳ ಊಟ, ನಿದ್ದೆ ಎಲ್ಲ ಪಾಳಿಯ ಲೆಕ್ಕದಲ್ಲೇ ನಡೀತಿತ್ತು. ಕಾರ್ಖಾನೆಗಳು ಸೊರಗಿದ ಮೇಲೆ ಹುಡುಗ ಹುಡುಗಿಯರು ಊರು ಬಿಟ್ಟರು. ಅವಳೂ ಜಿಎನ್‌ಎಂ ಓದಿ ಹೊರಟಳು. ಮನೆ ಸಾಲ ತೀರಬೇಕಿತ್ತು, ಅಷ್ಟೇ. ಸಂತೋಷದ ಮಾತು ಯಾರೂ ಎತ್ತಿರಲಿಲ್ಲ.

ಮೊದಲು ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಆಮೇಲೆ ಮತ್ತೆ ಓದಿ ಮಿಡ್‌ವೈಫ್ ಆದಳು. ಇಂಗ್ಲೆಂಡಿನಲ್ಲಿ ಮಿಡ್‌ವೈಫ್‌ಗಳಿಗೆಂದೇ 1902ರಲ್ಲಿ ಕಾನೂನು ಬಂತು. ಈಗಲೂ ನರ್ಸ್ ನೋಂದಣಿ ಬೇರೆ, ಅವರ ನೋಂದಣಿ ಬೇರೆ. ಗರ್ಭಿಣಿ ಆರೋಗ್ಯವಾಗಿದ್ದರೆ ತಪಾಸಣೆ, ಹೆರಿಗೆ ಎಲ್ಲ ಮಿಡ್‌ವೈಫ್‌ಗಳದ್ದೇ ಜವಾಬ್ದಾರಿ. ಬಾಣಂತಿಯ ಮನೆಗೂ ಹೋಗಿ ನೋಡಿ ಬರ್ತಾರೆ. ತೊಂದರೆ ಕಂಡರೆ ಡಾಕ್ಟರನ್ನು ಕರೀತಾರೆ. ಆ ತೊಂದರೆಯನ್ನು ಸಕಾಲಕ್ಕೆ ಗುರುತಿಸೋದೇ ದೊಡ್ಡ ವಿದ್ಯೆ.

ಅವಳ ರಾತ್ರಿ ಪಾಳಿ ಮುಗಿಯೋದು ನನ್ನ ಊಟದ ಹೊತ್ತಿಗೆ. ಆಗ ಫೋನ್ ಬರುತ್ತೆ. ‘ಏನು ಮಾಡಿದೆ ರಾತ್ರಿಯೆಲ್ಲ?’ ಅಂದ್ರೆ ‘ಕಾದೆ’ ಅಂತಾಳೆ. ಬೆನ್ನು ನೀವೋದು, ನೀರು ಕುಡಿಸೋದು, ಹದಿನೈದು ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಿ ಬರೆಯೋದು, ಮತ್ತೆ ಕಾಯೋದು. ಒಮ್ಮೆ ದಾವಣಗೆರೆ ಕಡೆಯ ಹುಡುಗಿ ಬಂದಿದ್ದಳಂತೆ. ‘ಇನ್ನೊಂಚೂರು ತಡ್ಕೋ ತಾಯಿ’ ಅಂತ ಕನ್ನಡದಲ್ಲಿ ಅಂದಿದ್ದೇ ತಡ, ಮಗುಗಿಂತ ಮೊದಲು ತಾಯಿ ಅತ್ತುಬಿಟ್ಟಳಂತೆ. ಕೆಲವು ದಿನ ಮಗು ಅಳೋದೇ ಇಲ್ಲ. ಅವತ್ತು ಫೋನಿನಲ್ಲಿ ಮಾತು ಕಡಿಮೆ. ಆದರೂ ಮಾರನೇ ದಿನ ಕೆಲಸಕ್ಕೆ ಹೋಗ್ತಾಳೆ. ‘ಅಂಥ ದಿನವೇ ಆ ಹೆಣ್ಣಿನ ಕೈ ಹಿಡಿಯೋರು ಬೇಕು’ ಅನ್ನೋದು ಅವಳ ಮಾತು.

ಇದೆಲ್ಲ ಕೇಳುವಾಗ ನನಗೆ ನೆನಪಾಗೋದು ಪಾವಗಡದ ಸೂಲಗಿತ್ತಿ ನರಸಮ್ಮ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸುಮಾರು ಎಪ್ಪತ್ತು ವರ್ಷ, 15,000ಕ್ಕೂ ಹೆಚ್ಚು ಹೆರಿಗೆ. ಒಂದು ಪೈಸೆ ಕೇಳಲಿಲ್ಲ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ವಯಸ್ಸು 98ರ ಆಸುಪಾಸು!

ನಮ್ಮಲ್ಲಿ ಹೆರಿಗೆ ಅಂದ್ರೆ ಹೆಣ್ಣಿಗೆ ಮರುಜನ್ಮ ಅಂತೀವಿ. ಆದರೆ ಆ ಮರುಜನ್ಮ ಮಾಡಿಸಿದವಳನ್ನು ಎಷ್ಟೋ ಕಡೆ ಹಿತ್ತಲ ಬಾಗಿಲಿಂದ ಕರೆದು, ಪುರುಡು, ಮೈಲಿಗೆ ಅಂತ ಅಲ್ಲಿಂದಲೇ ಕಳಿಸಿದ್ದೀವಿ. ಕೈತುಂಬ ಅಕ್ಕಿ, ಒಂದು ಹಳೇ ಸೀರೆ, ಮುಗೀತು. ನನ್ನ ಮಾವನ ಮಗಳಿಗೆ ಸಿಕ್ಕಿದ ಸಂತೋಷ ಬರೀ ಪೌಂಡಿನದ್ದಲ್ಲ. ಅವಳ ಕೈ ಮೇಲೆ, ತೀರ್ಮಾನದ ಮೇಲೆ ಅಲ್ಲಿ ನಂಬಿಕೆ ಇಡ್ತಾರೆ. ಹೆಸರು ಹಿಡಿದು ಕರೀತಾರೆ, ಸಂಬಳ ಕೊಡ್ತಾರೆ. ಕೆಲಸದ ಖುಷಿಗೆ ಇದೂ ಬೇಕು ಅಲ್ವಾ?

ಹಾಗಂತ ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಿ ಅಂತ ನಾನು ಹೇಳ್ತಿಲ್ಲ. ಆಸ್ಪತ್ರೆ ಬೇಕೇ ಬೇಕು. ಅಲ್ಲಿ ಕೂತು ಕಾಯುವವಳೂ ಬೇಕು. ನಮ್ಮ ಸರ್ಕಾರವೂ 2018ರ ಡಿಸೆಂಬರ್‌ನಲ್ಲಿ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ಹೊರಡಿಸಿತು. ನರ್ಸಿಂಗ್ ಮುಗಿಸಿದವರಿಗೆ 18 ತಿಂಗಳ ವಿಶೇಷ ತರಬೇತಿ. ಅದೇ ತಿಂಗಳ 25ಕ್ಕೆ ನರಸಮ್ಮ ತೀರಿಕೊಂಡರು.

ನಿಮ್ಮ ಮನೆಯಲ್ಲಿ ಯಾರಾದರೂ ಜಿಎನ್‌ಎಂ ಓದ್ತಿದ್ರೆ, ಆ ಕೊನೇ ‘ಎಂ’ ಏನು ಅಂತ ಒಮ್ಮೆ ಕೇಳಿ. ಮಿಡ್‌ವೈಫರಿ! ನಮ್ಮೂರ ಆಸ್ಪತ್ರೆಗಳಲ್ಲೂ ಆ ಅಕ್ಷರಕ್ಕೆ ಬೆಲೆ ಬಂದರೆ, ಖುಷಿ ಹುಡುಕಿಕೊಂಡು ನಮ್ಮ ಹುಡುಗಿಯರು ಅಷ್ಟು ದೂರ ಹೋಗಬೇಕಾಗಲ್ಲ.