ಪಟ್ಟಿ ನೋಡಿ ಎತ್ತು ಕಟ್ಟಬೇಡಿ

ಫಾರ್ಮುಲಾ ಒನ್ ಫ್ಯಾಂಟಸಿಯಲ್ಲಿ ಐದು ಡ್ರೈವರ್, ಎರಡು ತಂಡ ಆರಿಸಬೇಕು, ಬಜೆಟ್ಟಿಗೆ ಮಿತಿ ಇದೆ. ನಮ್ಮ ಚಿಕ್ಕೋಡಿ-ನಿಪ್ಪಾಣಿ ಗೆಳೆಯರು ಚಾಂಪಿಯನ್‌ಶಿಪ್ ಪಟ್ಟಿ ತೆಗೆದು ಮೇಲಿಂದ ಹೆಸರು ಎತ್ತಿಕೊಳ್ಳುತ್ತಾರೆ. ನನಗಂತೂ ಇದು ಒಪ್ಪಿಗೆಯಿಲ್ಲ.

2024ರ ಸ್ಪೇನ್ ರೇಸ್ ಮುಗಿದಾಗಿನ ಪಟ್ಟಿ ನೋಡಿ. ಪೆರೆಜ್ 111 ಪಾಯಿಂಟ್, ಐದನೇ ಸ್ಥಾನ. ಪಿಯಾಸ್ಟ್ರಿ 87, ಆರನೇ ಸ್ಥಾನ. ಪಟ್ಟಿ ನಂಬಿದವರು ಪೆರೆಜ್‌ನನ್ನೇ ಹಿಡೀತಾರೆ, ಅಲ್ವಾ? ಆದರೆ ನಾಲ್ಕು ರೇಸ್ ಹಿಂದೆ, ಮಯಾಮಿ ಮುಗಿದಾಗಲೇ ಪೆರೆಜ್ 103ರಲ್ಲಿದ್ದ, ಪಿಯಾಸ್ಟ್ರಿ ಬರೀ 41. ಕಳೆದು ನೋಡಿ... ಒಬ್ಬನ ಗಳಿಕೆ 8, ಇನ್ನೊಬ್ಬನದು 46! ಮುಂದಿನ 14 ರೇಸುಗಳಲ್ಲೂ ಅದೇ ಕಥೆ: ಪೆರೆಜ್ 41, ಪಿಯಾಸ್ಟ್ರಿ 205.

ಪಟ್ಟಿಯೇ ಬೇಡ ಅಂತಲ್ಲ, ಎರಡು ಪಟ್ಟಿ ಇಟ್ಟುಕೊಂಡು ಕಳೆಯಿರಿ ಅಂತ. (ದಿನಾ ಕೋಡ್ ಬರೆಯುವವರಿಗೂ ಇದನ್ನು ಹೇಳಬೇಕಾಗಿದೆ ನೋಡಿ!) ಅಥಣಿ, ರಾಯಬಾಗ, ಕಾಗವಾಡ ಕಡೆ ಗಾಡಿ ಶರ್ಯತ್ತಿಗೆ ಎತ್ತು ಕಟ್ಟುವವರು ಹಳೇ ಢಾಲು ಎಣಿಸುತ್ತಾ ಕೂರಲ್ಲ, ಈಗ ಹೆಂಗ ಓಡ್ತಾವ ಅಂತ ನೋಡ್ತಾರೆ.

ಇನ್ನೊಂದು ವಿಷಯ. ಆ ವರ್ಷ ಪೆರೆಜ್ ಮೊನಾಕೊ, ಕೆನಡಾ ಎರಡನ್ನೂ ಮುಗಿಸಲಿಲ್ಲ. ಪಟ್ಟಿಯಲ್ಲಿ ಅದಕ್ಕೆ ಸೊನ್ನೆ ಅಷ್ಟೇ, ಫ್ಯಾಂಟಸಿಯಲ್ಲಿ ಇದ್ದ ಪಾಯಿಂಟೂ ಕಳೀತಾರೆ.