ಟೀ ಡಿಕಾಕ್ಷನ್‌ನಲ್ಲಿ ಅದ್ದಿದ ಅಜ್ಜಿಕಾಲ

ಕಳೆದ ದಸರೆಯ ಹೊತ್ತಿಗೆ ಬೆಂಗಳೂರಿನ ಒಂದು ಕರಕುಶಲ ಮೇಳದಲ್ಲಿ ‘ಅಜ್ಜಿ ಕಾಲದ ಮಂಡ್ಯ ಗೊಂಬೆ’ ಎಂಬ ಚೀಟಿ ಕಟ್ಟಿದ್ದ ಬಟ್ಟೆ ಗೊಂಬೆಯೊಂದನ್ನು ಕೈಗೆತ್ತಿಕೊಂಡೆ. ಬೆಲೆ 1,800 ರೂಪಾಯಿ. ಮೈಗೆ ಹಳೇ ಬಟ್ಟೆಯ ಮಾಸಲು ಬಣ್ಣ, ಮೂಸಿದರೆ ಟೀ ವಾಸನೆ. ಲಂಗ ಎತ್ತಿ ನೋಡಿದೆ (ಗೊಂಬೆಗಳ ಬೆನ್ನುಹತ್ತಿದವರಿಗೆ ಈ ಅಸಭ್ಯತೆ ತಪ್ಪಿದ್ದಲ್ಲ). ಒಳಗಿನ ಹೊಲಿಗೆ ಮೆಷಿನ್ನಿನದು, ತುಂಬಿದ್ದು ದಿಂಬಿಗೆ ತುಂಬುವ ಪಾಲಿಯೆಸ್ಟರ್. ಯಾವ ಗೊಂಬೆಯನ್ನು ನೋಡಿ ಮಾಡಿದ್ದು ಎಂದು ಕೇಳಿದೆ. ‘ಟ್ರೆಡಿಷನಲ್ ಮೇಡಂ’ ಎಂದರು.

ಅದು ಉತ್ತರವಲ್ಲ. ಹೊಸ ಗೊಂಬೆ ಮಾಡಿ ಹೊಸದೆಂದೇ ಮಾರಿದರೆ ನನ್ನ ತಕರಾರಿಲ್ಲ; ಹೊಲಿದ ಹೆಂಗಸರಿಗೆ ನಾಲ್ಕು ಕಾಸು ಸಿಕ್ಕರೆ ಸಂತೋಷವೇ. ಆದರೆ ಯಾವ ಅಜ್ಜಿಯನ್ನೂ ಕೇಳದೆ, ಒಂದೇ ಒಂದು ಹಳೇ ಗೊಂಬೆಯನ್ನೂ ಅಳೆಯದೆ, ಹೊಸ ಬಟ್ಟೆಯನ್ನು ಡಿಕಾಕ್ಷನ್‌ನಲ್ಲಿ ಅದ್ದಿ ತೆಗೆದು ಅದಕ್ಕೆ ನಮ್ಮ ಜಿಲ್ಲೆಯ ಹೆಸರಿಡುವುದು ಸುಳ್ಳು. ಪುಸ್ತಕದಲ್ಲಿ ಹೀಗೆ ಮಾಡಿದವರನ್ನು ನಾವು ಸುಮ್ಮನೆ ಬಿಡುವುದಿಲ್ಲ. ಗೊಂಬೆಯಲ್ಲಿ ಮಾಡಿದರೆ ಮಾತ್ರ ಮುದ್ದಾಗಿದೆ ಅನ್ನುತ್ತೇವೆ.

ನಮ್ಮ ಸೀಮೆಯಲ್ಲಿ ಗೊಂಬೆಗೆ ಮರ್ಯಾದೆ ಇಲ್ಲವೆಂದಲ್ಲ. ನವರಾತ್ರಿಯ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳಿಗೆ ವರ್ಷವರ್ಷವೂ ಹೊಸ ಸೀರೆ, ಪಂಚೆ, ಆರತಿ. ಆ ರಾಜ ರಾಣಿಯರು ಮರದವರು, ಬಾಳುತ್ತಾರೆ. ಚನ್ನಪಟ್ಟಣದ ಗೊಂಬೆಗೆ, ಕಿನ್ನಾಳದ ಗೊಂಬೆಗೆ ಜಿಐ ಟ್ಯಾಗ್ ಬಂದಿದೆ. ಚಿಂದಿ ಗೊಂಬೆಗೆ ಮೆಟ್ಟಿಲೂ ಇಲ್ಲ, ಟ್ಯಾಗೂ ಇಲ್ಲ. ಮಕ್ಕಳು ಅದಕ್ಕೆ ಮದುವೆ ಮಾಡಿದರು, ಬಾಣಂತನ ಮಾಡಿದರು. ಹರಿದ ಮೇಲೆ ಅದು ಒಲೆ ಸೇರಿತು. ಬಟ್ಟೆ ಉಳಿಯುವುದೇ ಇಲ್ಲವೆನ್ನುವವರಿಗೆ ಒಂದು ಮಾತು. ರೋಮನ್ನರ ಕಾಲದ ಈಜಿಪ್ಟಿನಲ್ಲಿ ನಾರುಬಟ್ಟೆಯಿಂದ ಮಾಡಿ, ಚಿಂದಿಯನ್ನೂ ಪಪೈರಸ್ ಚೂರುಗಳನ್ನೂ ತುಂಬಿದ ಗೊಂಬೆಯೊಂದು ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಲ್ಲಿಯ ಒಣ ಮಣ್ಣು ಅದನ್ನು ಕಾಪಾಡಿತು. ಅಮೆರಿಕದಲ್ಲಿ ಇಜಾನಾ ವಾಕರ್ ಎಂಬಾಕೆ ತನ್ನ ಬಟ್ಟೆ ಗೊಂಬೆಗೆ 1873ರಲ್ಲಿ ಪೇಟೆಂಟ್ ಪಡೆದಳು. ಇಂದು ಅದರ ಪ್ರತಿ ಮಾಡುವವರಿಗೆ ಒಪ್ಪಿಟ್ಟು ನೋಡಲು ಒಂದು ದಾಖಲೆಯಿದೆ, ತಪ್ಪಿದರೆ ಯಾರಾದರೂ ಹಿಡಿಯುತ್ತಾರೆ. ನಮ್ಮಲ್ಲಿ ಹಿಡಿಯುವವರೇ ಇಲ್ಲ.

ನನ್ನ ಊರು ಮದ್ದೂರು. ಅಜ್ಜಿಯ ಮನೆ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮೂರು ವರ್ಷದ ಹಿಂದೆ ಅವಳ ಟ್ರಂಕಿನ ತಳದಲ್ಲಿ, ಪತ್ರ ಪಹಣಿಗಳ ಅಡಿಯಲ್ಲಿ ಒಂದು ಗೊಂಬೆ ಸಿಕ್ಕಿತು. ಗೇಣಿಗಿಂತ ತುಸು ಉದ್ದ. ಕಣ್ಣಿನ ಕಾಡಿಗೆ ಬಹುಪಾಲು ಅಳಿಸಿದೆ, ಕೂದಲು ಮಸಿ ಬಳಿದ ಗೋಣಿದಾರ. ಮೈಯಲ್ಲಿ ನಾಲ್ಕು ಬಗೆಯ ಬಟ್ಟೆ. ಅಜ್ಜಿಯ ಅಕ್ಕ ಮಾಡಿದ್ದಂತೆ, 1940ರ ದಶಕದ ಕೊನೆಯಲ್ಲಿರಬೇಕು. ಯುದ್ಧ ಕಾಲದ ಬಟ್ಟೆ ಬರ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದ್ದ ದಿನಗಳು ಅವು. ಬ್ರಿಟಿಷ್ ಸರ್ಕಾರ 1943ರಲ್ಲಿ ಬಟ್ಟೆಗೂ ನೂಲಿಗೂ ನಿಯಂತ್ರಣ ತಂದಿತ್ತು. ಸೀರೆ ಹರಿದರೆ ಲಂಗ, ಲಂಗ ಹರಿದರೆ ಕೂಸಿನ ಬಟ್ಟೆ, ಆಮೇಲೆ ಬೊಂತೆಯ ಪದರ, ಕೊನೆಗೆ ಮಸಿಬಟ್ಟೆ. ಬೊಂತೆಗೂ ಮಸಿಬಟ್ಟೆಗೂ ನಡುವೆ ಕದ್ದ ತುಂಡುಗಳಿಂದ ಆದದ್ದು ಈ ಗೊಂಬೆ.

ಇದರ ಪ್ರತಿಯೊಂದನ್ನು ಮಾಡಲು ಕೂತೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬರು ಮಂಡ್ಯದಲ್ಲಿ ಪರಿಚಯವಾದರು, ಅವರ ಗಂಟಿನಿಂದ ಸವೆದ ಹತ್ತಿ ಸೀರೆ ಆರಿಸಿದೆ. ಭೂತಕನ್ನಡಿ ಹಿಡಿದು ಇಂಚಿಗೆ ಎಷ್ಟು ಎಳೆ ಎಂದು ಎಣಿಸಿ ಹೊಂದಿಸಿದೆ. ಮೂಲದಲ್ಲಿ ಉಂಡೆ ದಾರವೇ ಇಲ್ಲ. ಸೀರೆಯ ಅಂಚಿನಿಂದಲೇ ಎಳೆ ಕಿತ್ತು ಹೊಲಿದಿದ್ದಾಳೆ. ನಾನೂ ಹಾಗೇ ಹೊಲಿದೆ, ಮೊಳಕ್ಕೆರಡು ಸಲ ದಾರ ತುಂಡಾಗುತ್ತಿತ್ತು. ಮೊದಲ ಗೊಂಬೆ ಕೆಟ್ಟಿತು. ಎರಡನೆಯದು ಎಲ್ಲ ಅಳತೆಯಲ್ಲೂ ಸರಿಬಂದರೂ ಪಕ್ಕದಲ್ಲಿಟ್ಟರೆ ಏನೋ ಬೇರೆ. ಎರಡು ದಿನ ನೋಡಿದ ಮೇಲೆ ಹೊಳೆಯಿತು. ಅಂಚು ಸುತ್ತಿ ಹಾಕಿದ ನನ್ನ ಹೊಲಿಗೆ ಒಂದು ಕಡೆ ವಾಲುತ್ತದೆ, ಅವಳದು ಅದರ ಎದುರು ಕಡೆಗೆ.

ಅಜ್ಜಿಗೆ ತೋರಿಸಿ, ನಿಮ್ಮಕ್ಕ ಎಡಗೈಲಿ ಹೊಲೀತಿದ್ರಾ ಎಂದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ‘ಎಡಚಿ ಕನವ್ವಾ ಅವ್ಳು. ಉಣ್ಣಾಕ್ ಕೂತ್ರೆ ನಮ್ಮವ್ವ ಎಡಗೈಗೆ ಬಟ್ಟೆ ಕಟ್ಬುಡೋಳು. ನಂಗೇ ಮರ್ತೋಗಿತ್ತು.’

ಆ ಹುಡುಗಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಅವಳದೊಂದು ಫೋಟೋ ಇಲ್ಲ, ಅವಳ ಕೈಬರಹದ ಒಂದಕ್ಷರವಿಲ್ಲ. ಅವಳ ಬಗ್ಗೆ ಉಳಿದಿರುವ ಸಾಕ್ಷಿ ಆ ವಾಲಿದ ಹೊಲಿಗೆ. ಗಾಜಿನ ಪೆಟ್ಟಿಗೆಯಾಚೆ ನಿಂತು ಹತ್ತು ವರ್ಷ ನೋಡಿದ್ದರೂ ನನಗೆ ಅದು ಕಾಣುತ್ತಿರಲಿಲ್ಲ. ಅದರಂತೆಯೇ ಮಾಡಲು ಹೋಗಿ ಸೋತದ್ದರಿಂದ ಕಂಡಿತು. ಇದನ್ನೇ ನನ್ನ ಸಂಶೋಧನೆಯ ಪ್ರಗತಿ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು ‘ಇದು ಪಿಎಚ್‌.ಡಿ.ಯೋ ಹೊಲಿಗೆ ಕ್ಲಾಸೋ’ ಎಂದು ನಕ್ಕರು, ಉಳಿದವರೂ ನಕ್ಕರು. ತಾಳೆಗರಿಯಲ್ಲಿ ಲಿಪಿಕಾರನ ಕೈಚಳಕ ಗುರುತಿಸಿದರೆ ವಿದ್ವತ್ತು, ಚಿಂದಿಯಲ್ಲಿ ಗುರುತಿಸಿದರೆ ಹೊಲಿಗೆ ಕ್ಲಾಸು. ಹತ್ತಿರದಲ್ಲೇ ಕೂತಿದ್ದ ಹಸ್ತಪ್ರತಿ ತಜ್ಞರೂ ನಕ್ಕರು ಎಂಬುದು ನನಗೆ ಇನ್ನೂ ಅರಗಿಲ್ಲ.

ನಿಖರತೆಯ ಗೀಳು ಮಕ್ಕಳ ಆಟಿಕೆಯ ಜೀವ ತೆಗೆಯುತ್ತದೆ ಎಂದು ಗೆಳತಿಯೊಬ್ಬಳು ವಾದಿಸಿದಳು. ಚಿಂದಿ ಗೊಂಬೆಗೆ ಮಾದರಿಯೇ ಇರಲಿಲ್ಲ, ಸಿಕ್ಕಿದ್ದರಲ್ಲಿ ಮಾಡುತ್ತಿದ್ದರು, ಮತ್ತೆ ಯಾವುದಕ್ಕೆ ನಿಖರ? ಒಳ್ಳೆಯ ಪ್ರಶ್ನೆ. ಆದರೆ ‘ಸಿಕ್ಕಿದ್ದು’ ಏನು ಎಂಬುದೇ ಇಲ್ಲಿಯ ಚರಿತ್ರೆ. ಅಜ್ಜಿಯನ್ನು ನಾನು ಇನ್ನೊಂದು ಕೇಳಿದ್ದೆ: ಊರಲ್ಲಿ ಎಲ್ಲ ಹುಡುಗಿಯರ ಹತ್ತಿರವೂ ಬೊಂಬೆ ಇತ್ತಾ? ‘ಕೂಲಿಯೋರ್ ಮಕ್ಳತ್ರ ಎಲ್ಲಿಂದ್ ಬತ್ತದೆ? ಅವ್ರವ್ವಂಗೆ ಉಡಾಕೇ ಒಂದ್ ಸೀರೆ. ಜೋಳದ್ ದಿಂಡಿಗೆ ಎಲೆ ಸುತ್ಕಂಡ್ ಆಡ್ತಿದ್ವು. ನಮ್ ಬೊಂಬೆ ಮುಟ್ಟಾಕ್ ಬಿಡ್ತಿರ್ಲಿಲ್ಲ ನಾವು.’ ಅಂದರೆ ಈ ಗೊಂಬೆಯೂ ಒಂದು ಸಿರಿತನ. ಹರಿದ ಮೇಲೂ ಮಿಗುವಷ್ಟು ಬಟ್ಟೆಯಿದ್ದ ಮನೆಯದು. ಮೇಳದ ಗೊಂಬೆಯ ಚೀಟಿ ಎಲ್ಲರ ಅಜ್ಜಿಗೂ ಒಂದೇ ಬಾಲ್ಯ ಹಂಚುತ್ತದೆ, ಅದೂ ಹೊಸ ಕಾಟನ್ನಿನಲ್ಲಿ. ಜೋಳದ ದಿಂಡಿನವಳ ಮೊಮ್ಮಗಳು 1,800 ಕೊಟ್ಟು ಅದನ್ನು ತನ್ನ ಅಜ್ಜಿಯದೆಂದು ಕೊಂಡೊಯ್ಯಬಹುದು. ಅವಳಿಗಾಗುವ ಮೋಸಕ್ಕೆ ಯಾರು ಹೊಣೆ?

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಪಾರಂಪರಿಕ ಎಂದು ಮಾರುವವರು ಏನನ್ನು ನೋಡಿ ಮಾಡಿದೆವು, ಏನನ್ನು ಅಳೆದೆವು, ಏನನ್ನು ಊಹಿಸಿದೆವು ಎಂದು ಚೀಟಿಯಲ್ಲಿ ಬರೆಯಲಿ. ವಿಶ್ವವಿದ್ಯಾಲಯಗಳು ಕೈಯಿಂದ ಮಾಡಿ ತಿಳಿದದ್ದನ್ನೂ ತಿಳಿವಳಿಕೆ ಎಂದು ಒಪ್ಪಲಿ. ನೀವು ಮುಂದಿನ ಸಲ ಊರಿಗೆ ಹೋದಾಗ ಟ್ರಂಕಿನ ತಳ ನೋಡಿ, ಸಿಕ್ಕಿದ್ದನ್ನು ದಯವಿಟ್ಟು ಒಗೆಯಬೇಡಿ.

ಮೂರನೇ ಗೊಂಬೆಯನ್ನು ಎಡಗೈಯಲ್ಲಿ ಹೊಲಿದೆ. ಎರಡು ತಿಂಗಳು ಹಿಡಿಯಿತು. ಅದರ ಚೀಟಿ ಹೀಗಿದೆ: ‘ಮಳವಳ್ಳಿ ತಾಲ್ಲೂಕಿನ ಒಂದು ಮನೆಯ ಗೊಂಬೆಯ ಪ್ರತಿ. ಉದ್ದ 23 ಸೆಂ.ಮೀ. ಬಟ್ಟೆ ಹಳೆಯದು, ಆದರೆ ಆ ಮನೆಯದಲ್ಲ. ಹೊಲಿಗೆ ಎಡಗೈಯದು, ಹೊಲಿದವಳು ಬಲಗೈಯವಳು. ಕಣ್ಣು ಊಹೆ.’