ಪೊರಕೆ ಹಿಡಿದ ಫೋಟೊ ಸಾಕು ಮಾರಾಯ್ರೆ

1/6
ಸ್ವೈಪ್ ಮಾಡೋ ಮೊದಲು ಈ ಫೋಟೊ ಸರಿಯಾಗಿ ನೋಡಿ. ಮಿರ್ಜಾನ ಕೋಟೆ ಬಾಗಿಲು, ಮೆಟ್ಟಿಲ ಮೇಲೆ ಹದಿನಾಲ್ಕು ಮಂದಿ, ಕೈಯಲ್ಲಿ ಪೊರಕೆ, ಹಿಂದೆ ಬ್ಯಾನರ್. ಎಡಗಡೆಯಿಂದ ಮೂರನೆಯವ ನಾನೇ. ಪೊರಕೆಯ ಬೆಲೆಚೀಟಿ ಕೂಡ ಕಿತ್ತಿರಲಿಲ್ಲ. ಈ ಫೋಟೊಕ್ಕೆ ಬಿದ್ದಷ್ಟು ಲೈಕು ನನ್ನ ಬೇರೆ ಯಾವ ಪೋಸ್ಟಿಗೂ ಬಿದ್ದಿಲ್ಲ. ಇವತ್ತು ಇದರ ಮೇಲೆಯೇ ಜಗಳ ತೆಗೀತಿದ್ದೇನೆ. ನಮ್ಮ ಇತಿಹಾಸ ಗುಂಪಿನವರು ಸಿಟ್ಟಾಗ್ತಾರೆ, ಗೊತ್ತು. ಆಗಲಿ.

2/6
ಆ ದಿನ ನಾವು ಮಾಡಿದ್ದೆಂತ? ಎರಡು ಚೀಲ ಪ್ಲಾಸ್ಟಿಕ್ ಹೆಕ್ಕಿದೆವು. ಅದು ಒಳ್ಳೇದೇ, ಅದಕ್ಕೆ ತಕರಾರಿಲ್ಲ. ಆಮೇಲೆ ಉಮೇದಿ ಹೆಚ್ಚಾಗಿ ಗೋಡೆ ಸಂದಿಯಲ್ಲಿದ್ದ ಗಿಡಗಳನ್ನೆಲ್ಲ ಜಗ್ಗಿ ಕಿತ್ತೆವು. ಬೇರಿನ ಜೊತೆ ಹಿಡಿಯಷ್ಟು ಚಿರೇಕಲ್ಲು ಪುಡಿಯಾಗಿ ಉದುರಿತು. ಅದಕ್ಕೂ ಚಪ್ಪಾಳೆ! ಚಿರೇಕಲ್ಲು ಹೆಸರಿಗೆ ಮಾತ್ರ ಕಲ್ಲು, ಮೈತುಂಬ ತೂತು. ಬೇರು ಒಳಗೆ ಹಬ್ಬಿದ ಮೇಲೆ ಎಳೆದರೆ ಸುತ್ತಲಿನ ಕಲ್ಲನ್ನೂ ಕರೆದುಕೊಂಡೇ ಬರ್ತದೆ, ಆ ಗುಳಿಯಲ್ಲಿ ಮುಂದಿನ ಮಳೆಗೆ ನೀರು ನಿಲ್ತದೆ. ಇಂಥ ಗಿಡವನ್ನು ಬುಡಕ್ಕೆ ಕತ್ತರಿಸಿ, ಬೇರು ಒಳಗೇ ಸಾಯುವ ಹಾಗೆ ಮಾಡ್ಬೇಕು. ಅದು ಪುರಾತತ್ವ ಇಲಾಖೆಯವರ ಕೆಲಸ, ನಮ್ಮದಲ್ಲ. ಹೆಸರು ಕೆತ್ತಿ ಹಾರ್ಟ್ ಬರೆಯೋ ಪ್ರವಾಸಿಗರಿಗೆ ಬೈತೇವಲ್ಲ, ಆ ದಿನ ನಾವು ಅವರಿಗಿಂತ ಹೆಚ್ಚು ಕಲ್ಲು ಉದುರಿಸಿದ್ದೇವೆ.

3/6
ಇನ್ನು ರೀಲ್ಸಿನ ಸುದ್ದಿ. ಮಳೆಗಾಲದ ಹಸಿರು ಕೋಟೆ, ಡ್ರೋನ್, ಕೊಳಲು, ಮೇಲೆ ನಾಲ್ಕು ಸಾಲು: "ಕಾಳುಮೆಣಸಿನ ರಾಣಿ ಕಟ್ಟಿಸಿದ ಕೋಟೆ." ಮುಗೀತು.

ಚೆನ್ನಭೈರಾದೇವಿ ನಮ್ಮ ಹೆಮ್ಮೆ, ಅನುಮಾನ ಬೇಡ. ಗೇರುಸೊಪ್ಪೆಯ ಸಾಳ್ವ ಮನೆತನದ ಜೈನ ರಾಣಿ, 1552ರಿಂದ 1606ರವರೆಗೆ 54 ವರ್ಷ ಆಳಿದವಳು ಅಂತ ಹೇಳ್ತಾರೆ. ಪೋರ್ಚುಗೀಸರೇ ಅವಳಿಗೆ 'ರೈನಾ ದ ಪಿಮೆಂಟಾ' ಅಂದರು. ಗಜಾನನ ಶರ್ಮರ ಕಾದಂಬರಿ ಬಂದ ಮೇಲಂತೂ ನಮ್ಮ ಕ್ಲಾಸಿನ ಅರ್ಧ ಜನ ಅವಳ ಅಭಿಮಾನಿಗಳು. (ಪುಸ್ತಕ ಇಸ್ಕೊಂಡು ಹೋದವರು ದಯವಿಟ್ಟು ವಾಪಸ್ ಕೊಡಿ.) ಆದರೆ ಕೋಟೆಯನ್ನು ಯಾರು ಕಟ್ಟಿಸಿದರು ಅನ್ನುವುದಕ್ಕೆ ಬೇರೆ ಹೇಳಿಕೆಗಳೂ ಇವೆ. ಅವಳಿಗೂ ಹಿಂದೆ ನವಾಯತರು ಕಟ್ಟಿದ್ದು ಅಂತ ಒಂದು. ಅವಳ ನಂತರ ಬಿಜಾಪುರದ ಷರೀಫ್ ಉಲ್ ಮುಲ್ಕ್ ಕಟ್ಟಿಸಿದ್ದು ಅಂತ ಇನ್ನೊಂದು. ಒಬ್ಬರು ಕಟ್ಟಿ, ಮತ್ತೊಬ್ಬರು ಎತ್ತರಿಸಿ, ಮಗದೊಬ್ಬರು ರಿಪೇರಿ ಮಾಡಿರಲೂಬಹುದು. 2000-01ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಉತ್ಖನನ ಮಾಡಿದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಚೀನಾದ ಪಿಂಗಾಣಿ, ಫಿರಂಗಿ ಗುಂಡು, ಇಸ್ಲಾಮಿಕ್ ಬರಹದ ಫಲಕಗಳು ಸಿಕ್ಕಿದವು. ಯೋಚಿಸಿ, ನಮ್ಮ ಅಘನಾಶಿನಿ ದಂಡೆಯಲ್ಲಿ ಯಾರೋ ಚೀನಾದ ಬಟ್ಟಲಲ್ಲಿ ಊಟ ಮಾಡ್ತಿದ್ದರು! ಯಾವ ರೀಲ್ಸಲ್ಲಿ ಬಂತು ಇದು? ನಮ್ಮ ಬ್ಯಾನರಿನಲ್ಲೂ ಬರಲಿಲ್ಲ. ಒಂದು ಹೆಸರು, ಒಂದು ಘೋಷಣೆ ಇದ್ದರೆ ಹಿಡಿಸೋದು ಸುಲಭ, ಅಷ್ಟೇ.

4/6
"ನಾವು ಡಿಗ್ರಿ ಹುಡುಗರು, ಸಂಶೋಧನೆ ನಮ್ಮ ಕೈಲಾಗ್ತದಾ?" ಅಂತ ಗುಂಪಿನಲ್ಲಿ ಕೇಳಿದರು. ಬೆಂಗಳೂರು ನೋಡಿ. ಬಿ.ಎಲ್. ರೈಸ್ ಅವರು 1905ರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟದಲ್ಲಿ ಆ ಜಿಲ್ಲೆಯ ಶಾಸನ ಪಟ್ಟಿ ಮಾಡಿಟ್ಟಿದ್ದರು. ನೂರು ವರ್ಷದ ಮೇಲೆ ಕೆಲವು ಆಸಕ್ತರು ಅದೇ ಪಟ್ಟಿ ಹಿಡಿದು ಗಲ್ಲಿ ಗಲ್ಲಿ ತಿರುಗಿದರು. ಎಷ್ಟೋ ಕಲ್ಲುಗಳು ಮಾಯ. ಆದರೆ 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಈಗ ಅದಕ್ಕೊಂದು ಮಂಟಪವೇ ಇದೆ. 1909ರ ಮಿಥಿಕ್ ಸೊಸೈಟಿ ಇವತ್ತು ಶಾಸನಗಳ ತ್ರೀಡಿ ಸ್ಕ್ಯಾನ್ ಮಾಡ್ತಿದೆ. ಕಲ್ಲು ಹೋದರೂ ಅಕ್ಷರ ಉಳೀತದೆ.

ರೈಸ್ ಪಟ್ಟಿ ಮಾಡಿದ್ದು ಮೈಸೂರು, ಕೊಡಗಿನ ಕಲ್ಲುಗಳನ್ನು. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ಆ ಸಂಪುಟಗಳಲ್ಲಿ ನಾವಿಲ್ಲ. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ 1939ರಲ್ಲಿ ಶುರುವಾದ ಮೇಲೆ ಈ ಕಡೆಯ ಶಾಸನಗಳ ಕೆಲಸಕ್ಕೆ ಬಲ ಬಂತು. ಆಲೂರು ವೆಂಕಟರಾಯರು 1914ರಲ್ಲಿ ಇತಿಹಾಸ ಮಂಡಲ ಕಟ್ಟಿದಾಗ ಅವರ ಕೈಯಲ್ಲಿ ಮೊಬೈಲ್ ಇತ್ತಾ, ಮ್ಯಾಪ್ ಇತ್ತಾ? ನಮ್ಮ ಹತ್ತಿರ ಎರಡೂ ಇದೆ. ಪೌಟ್ ಮಾಡೋಕೆ ಬಳಸ್ತೇವೆ.

5/6
"ಏನೋ ಒಂದು ಮಾಡ್ತಿದ್ದಾರಲ್ಲ, ಕಾಲೆಳಿಬೇಡ" ಅನ್ನುವ ಕಮೆಂಟ್ ಬರ್ತದೆ. ಬಂದೇ ಬರ್ತದೆ. ಉತ್ತರ ಇಲ್ಲೇ ಹೇಳ್ತೇನೆ: ವರ್ಷಕ್ಕೊಂದು ಪೊರಕೆ ಫೋಟೊ ಹಾಕಿದರೆ ನಮಗೆ ಕೆಲಸ ಮುಗಿದ ಸಮಾಧಾನ ಸಿಗ್ತದೆ. ಆ ಸಮಾಧಾನವೇ ನನಗೆ ಹೆದರಿಕೆ. ಯಾಕೆಂದರೆ ಕೋಟೆ ಇನ್ನೂ ನೂರು ವರ್ಷ ನಿಲ್ಲಬಹುದು, ನಮ್ಮ ಅಜ್ಜಂದಿರು ನಿಲ್ಲೋದಿಲ್ಲ. ಮಿರ್ಜಾನ ಬಂದರಾಗಿದ್ದು ಹೊಳೆಯಿಂದ. ಆ ಹೊಳೆಯಲ್ಲಿ ದೋಣಿ ಎಲ್ಲಿಗೆ ಹೋಗ್ತಿತ್ತು, ಯಾವ ಧಕ್ಕೆಯಲ್ಲಿ ಏನು ಇಳೀತಿತ್ತು, ಗಜನಿ ಗದ್ದೆಯ ಕಟ್ಟು ಒಡೆದರೆ ಯಾರು ಮಣ್ಣು ಹಾಕ್ತಿದ್ದರು, ಉಪ್ಪು ನೀರಲ್ಲೂ ಬೆಳೆಯೋ ಕಗ್ಗ ಭತ್ತವನ್ನು ಮಾಣಿಕಟ್ಟೆಯವರು ಹೇಗೆ ಉಳಿಸಿಕೊಂಡರು, ಇದೆಲ್ಲ ಬಾಯಲ್ಲಿದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ತಾಣ ಆಯಿತು ಅಂತ ಎಲ್ಲರೂ ಸ್ಟೋರಿ ಹಾಕಿದಿರಿ. ಬೆಳಚು ಹೆಕ್ಕುವ ಅಮ್ಮನ ಹತ್ತಿರ ಎಷ್ಟು ಮಂದಿ ಕೂತು ಮಾತಾಡಿದಿರಿ? ನಾನೂ ಇಲ್ಲ. ನನ್ನ ಅಜ್ಜ ಮೀರ್ಜಾನ ಸಂತೆಯ ಕತೆ ಹೇಳುವಾಗ ನಾನು ಇಯರ್‌ಫೋನ್ ಹಾಕಿದ್ದೆ. ಈಗ ಕೇಳೋಕೆ ಅಜ್ಜ ಇಲ್ಲ.

6/6
ಬರೋ ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಬ್ಯಾನರ್ ಇಲ್ಲ. ನೋಟ್‌ಬುಕ್, ಟೇಪು, ಟಾರ್ಚು ತನ್ನಿ. ಮನೆ ಹಿತ್ತಲಲ್ಲಿ, ಗದ್ದೆ ಬದುವಿನಲ್ಲಿ, ಬಟ್ಟೆ ಒಗೆಯೋ ಜಾಗದಲ್ಲಿ ಅಕ್ಷರ ಅಥವಾ ಚಿತ್ರ ಇರುವ ಕಲ್ಲು ಕಂಡರೆ ಎತ್ತಬೇಡಿ, ಅಲುಗಿಸಬೇಡಿ. ಎಣ್ಣೆ, ಅರಿಶಿನ, ಸುಣ್ಣ, ಚಾಕ್‌ಪೀಸ್ ಏನೂ ಹಚ್ಚಬೇಡಿ. ಬೆಳಿಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬೀಳುವಾಗ ಫೋಟೊ ತೆಗೀರಿ, ಇಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಬಿಡಿ, ಅಕ್ಷರ ಎದ್ದು ಬರ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಜಾಗದ ಮಾಲೀಕರನ್ನು ಕೇಳಿಯೇ ತೆಗೀರಿ. ಊರಿನ ಹೆಸರು, ತಾರೀಕು ಬರೆದು ನನಗೆ ಮೆಸೇಜ್ ಮಾಡಿ, ಧಾರವಾಡದಲ್ಲಿ ಓದಿ ಹೇಳುವವರಿಗೆ ಕಳಿಸೋಣ. 1883ರ ಕೆನರಾ ಗೆಜೆಟಿಯರ್ ಎರಡೂ ಭಾಗ ಇಳಿಸಿಕೊಂಡಿದ್ದೇನೆ, ಮಿರ್ಜಾನದ ಪುಟಗಳನ್ನು ಕೂತು ಓದೋರು ಬೇಕು, ಇಂಗ್ಲಿಷ್ ಚೆನ್ನಾಗಿರೋ ಇಬ್ಬರಾದರೂ.

ಕೋಟೆ ಬಾಗಿಲಲ್ಲೇ ಸಿಗ್ತೇನೆ. ಮಳೆ ಬಂದರೂ ಬರ್ತೇನೆ, ಕೊಡೆ ತನ್ನಿ.

#ಮಿರ್ಜಾನ #ಅಘನಾಶಿನಿ #ಕುಮಟಾ